ವಿಮಾನದಲ್ಲಿ 11ಎ ಸೀಟು ಸಿಕ್ಕರೆ ಬದುಕುತ್ತೇವಾ? 1985ರ ಮ್ಯಾಂಚೆಸ್ಟರ್ ದುರಂತ ಹೇಳುವುದೇ ಬೇರೆ

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೆದ್ದು ಒಂದು ನಿಮಿಷವೂ ಕಳೆಯುವ ಮೊದಲೇ ಕಟ್ಟಡದ ಮೇಲೆ ಬಿತ್ತು. ಅದರಲ್ಲಿದ್ದ 242 ಜನರಲ್ಲಿ 241 ಮಂದಿ ತೀರಿಹೋದರು. ಬದುಕಿ ಉಳಿದ ಒಬ್ಬರು ಕೂತಿದ್ದದ್ದು 11ಎ ಸೀಟಿನಲ್ಲಿ, ತುರ್ತು ಬಾಗಿಲಿನ ಪಕ್ಕ. ಆಮೇಲೆ ನಮ್ಮೆಲ್ಲರ ವಾಟ್ಸಾಪ್ ಗ್ರೂಪುಗಳಿಗೆ ಎರಡು ಬಗೆಯ ಫಾರ್ವರ್ಡ್ ಬರತೊಡಗಿದವು. ಮೊದಲನೆಯದು, 11ಎ ಅದೃಷ್ಟದ ಸೀಟು, ಬುಕ್ ಮಾಡುವಾಗ ಅದನ್ನೇ ಕೇಳಿ ಎನ್ನುವುದು. ಎರಡನೆಯದು ಇದಕ್ಕೆ ತದ್ವಿರುದ್ಧ: ವಿಮಾನ ಅಪಘಾತವಾದರೆ ಯಾರೂ ಉಳಿಯುವುದಿಲ್ಲ, ಹೊರಡುವ ಮುಂಚೆ ಸಿಬ್ಬಂದಿ ಕೈ ತೋರಿಸಿ ಹೇಳುವುದೆಲ್ಲ ಬರೀ ಶಾಸ್ತ್ರ.

ಎರಡೂ ತಪ್ಪು. ಮೊದಲನೆಯದರಿಂದ ದೊಡ್ಡ ನಷ್ಟವಿಲ್ಲ. ಸೀಟಿಗೆ ಒಂದಿಷ್ಟು ಹೆಚ್ಚು ದುಡ್ಡು ಹೋಗಬಹುದು, ಅಷ್ಟೆ. ಎರಡನೆಯದು ಮಾತ್ರ ಅಪಾಯಕಾರಿ. ಹೇಗೂ ಉಳಿಯುವುದಿಲ್ಲ ಎಂದು ನಂಬಿದವರು ಬಾಗಿಲು ಎಲ್ಲಿದೆ ಎಂದು ತಿರುಗಿಯೂ ನೋಡುವುದಿಲ್ಲ. ಈ ನಂಬಿಕೆ ಏಕೆ ತಪ್ಪು ಎಂದು ತಿಳಿಯಲು 40 ವರ್ಷ ಹಿಂದಿನ ಒಂದು ಅಪಘಾತವನ್ನು ನೋಡೋಣ. ಆ ವಿಮಾನ ಆಕಾಶಕ್ಕೆ ಏರಲೇ ಇಲ್ಲ. ಯಾವುದಕ್ಕೂ ಡಿಕ್ಕಿಯಾಗಲಿಲ್ಲ. ಆದರೂ ಅದರಲ್ಲಿ 55 ಜನ ಸತ್ತರು, 82 ಜನ ಬದುಕಿದರು.

ಆ ದಿನ ಬೆಳಿಗ್ಗೆ ಏನಾಯಿತು?

1985ರ ಆಗಸ್ಟ್ 22. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದ ಗ್ರೀಸ್ ದೇಶದ ಕೊರ್ಫು ದ್ವೀಪಕ್ಕೆ ಬ್ರಿಟಿಷ್ ಏರ್‌ಟೂರ್ಸ್ ಕಂಪನಿಯ ಬೋಯಿಂಗ್ 737 ವಿಮಾನ ಹೊರಟಿತ್ತು. ಬೇಸಿಗೆ ರಜೆಗೆ ಹೊರಟ ಕುಟುಂಬಗಳಿಂದ ವಿಮಾನ ತುಂಬಿತ್ತು. 131 ಪ್ರಯಾಣಿಕರು, ಇಬ್ಬರು ಪೈಲಟ್‌ಗಳು, ನಾಲ್ವರು ಕ್ಯಾಬಿನ್ ಸಿಬ್ಬಂದಿ, ಒಟ್ಟು 137 ಜನ.

ಬೆಳಿಗ್ಗೆ ಏಳು ದಾಟಿದ ಸ್ವಲ್ಪ ಹೊತ್ತಿಗೆ ವಿಮಾನ ರನ್‌ವೇ ಮೇಲೆ ಓಟ ಶುರು ಮಾಡಿತು. ಸುಮಾರು 36 ಸೆಕೆಂಡಿನ ನಂತರ 'ಧಡ್' ಎಂದು ಸದ್ದಾಯಿತು. ಟೈರ್ ಒಡೆದಿರಬೇಕು ಅಥವಾ ಹಕ್ಕಿ ಬಡಿದಿರಬೇಕು ಎಂದುಕೊಂಡ ಕ್ಯಾಪ್ಟನ್ ಕೂಡಲೇ ಟೇಕಾಫ್ ಕೈಬಿಟ್ಟು ವಿಮಾನವನ್ನು ನಿಧಾನ ಮಾಡತೊಡಗಿದರು. ಒಡೆದ ಟೈರಿನ ಮೇಲೆ ಬ್ರೇಕ್ ಜೋರಾಗಿ ಒತ್ತಬಾರದು ಎಂಬ ಎಚ್ಚರವೂ ಅವರಿಗಿತ್ತು. ಅವರಿಗೆ ಗೊತ್ತಿದ್ದ ಮಟ್ಟಿಗೆ ಇದೆಲ್ಲ ಸರಿಯಾದ ನಿರ್ಧಾರವೇ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಪ್ರತಿ ಟೇಕಾಫ್‌ಗೂ ಮುಂಚೆ ವಿಮಾನದ ತೂಕ, ರನ್‌ವೇ ಉದ್ದ, ಹವಾಮಾನ ಎಲ್ಲ ನೋಡಿ ಪೈಲಟ್‌ಗಳು ಒಂದು ವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೆ 'ವಿ-ಒನ್' ಎನ್ನುತ್ತಾರೆ. ಆ ವೇಗ ತಲುಪುವ ಮುಂಚೆ ತೊಂದರೆಯಾದರೆ ರನ್‌ವೇ ಮುಗಿಯುವುದರೊಳಗೆ ನಿಲ್ಲಿಸಬಹುದು. ಅದನ್ನು ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಮೇಲೇರಿ, ಸುತ್ತಿ ಬಂದು ಇಳಿಯುವುದೇ ಕ್ಷೇಮ. ಮ್ಯಾಂಚೆಸ್ಟರಿನಲ್ಲಿ ಸದ್ದು ಕೇಳಿಸಿದ್ದು ಆ ವೇಗ ತಲುಪುವ ಮುಂಚೆ. ಹಾಗಾಗಿ ವಿಮಾನ ರನ್‌ವೇಯಲ್ಲೇ ಸುರಕ್ಷಿತವಾಗಿ ವೇಗ ಕಳೆದುಕೊಂಡಿತು. ಆದರೆ ಸದ್ದು ಟೈರಿನದಾಗಿರಲಿಲ್ಲ.

ಎಡಗಡೆ ಎಂಜಿನ್ನಿನ ಒಳಗೆ ಇಂಧನ ಉರಿಯುವ ಡಬ್ಬಿಯಾಕಾರದ ಒಂಬತ್ತು ಭಾಗಗಳಿದ್ದವು. ಅದರಲ್ಲಿ ಒಂದು ಬಿರುಕು ಬಿಟ್ಟು ತುಂಡಾಗಿ, ಎಂಜಿನ್ನಿನ ಹೊರಕವಚವನ್ನೂ ಸೀಳಿಕೊಂಡು ಹೊರಗೆ ಹಾರಿತ್ತು. ಹಾರಿದ ತುಂಡು ರೆಕ್ಕೆಯ ಅಡಿಭಾಗಕ್ಕೆ ಬಡಿದು ಇಂಧನ ಟ್ಯಾಂಕಿನ ಮುಚ್ಚಳ ಒಡೆಯಿತು. ಸೋರಿದ ಇಂಧನಕ್ಕೆ ಬೆಂಕಿ ಹತ್ತಿಕೊಂಡಿತು. ಆ ಡಬ್ಬಿಯಲ್ಲಿ 1983ರಲ್ಲೇ ಬಿರುಕು ಕಂಡು ಬೆಸುಗೆ ಹಾಕಲಾಗಿತ್ತು. ಅಪಘಾತಕ್ಕೆ ಮುಂಚಿನ ದಿನಗಳಲ್ಲಿ ಈ ಎಂಜಿನ್ ವೇಗ ಹಿಡಿಯಲು ತಡಮಾಡುತ್ತಿದೆ ಎಂಬ ದೂರೂ ದಾಖಲಾಗಿತ್ತು.

ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸುವಷ್ಟರಲ್ಲಿ ಟೇಕಾಫ್ ಕೈಬಿಟ್ಟಾಗಿತ್ತು. ಕಂಟ್ರೋಲ್ ಟವರ್‌ನಲ್ಲಿದ್ದವರೂ ಬೆಂಕಿ ಕಂಡು ಪ್ರಯಾಣಿಕರನ್ನು ಬಲಗಡೆಯಿಂದ ಇಳಿಸುವಂತೆ ತಿಳಿಸಿದರು. ವಿಮಾನ ರನ್‌ವೇಯಿಂದ ಬಲಕ್ಕೆ ತಿರುಗಿ ಪಕ್ಕದ ದಾರಿಯಲ್ಲಿ ನಿಂತಿತು. ತಿರುಗಿದ ಕಾರಣಕ್ಕೆ ಉರಿಯುತ್ತಿದ್ದ ಎಡರೆಕ್ಕೆ ಗಾಳಿ ಬೀಸುವ ಕಡೆಗೆ ಬಂತು. ಅಂದು ಇದ್ದದ್ದು ಮಂದವಾದ ಗಾಳಿ. ಆದರೆ ಜ್ವಾಲೆಯನ್ನು ವಿಮಾನದ ಮೈಗೆ ತಳ್ಳಲು ಅಷ್ಟೇ ಸಾಕಾಯಿತು. ವಿಮಾನದ ಹೊರಮೈ ತೆಳುವಾದ ಅಲ್ಯೂಮಿನಿಯಂ. ಒಂದು ನಿಮಿಷದೊಳಗೇ ಅದು ಕರಗಿ ಬೆಂಕಿ ಒಳಗೆ ನುಗ್ಗಿತು.

ಬಾಗಿಲುಗಳ ಕಥೆ

ವಿಮಾನ ನಿಂತಿದೆ. ಎಲ್ಲರೂ ಜೀವಂತವಾಗಿದ್ದಾರೆ. ಯಾರಿಗೂ ಪೆಟ್ಟಾಗಿಲ್ಲ. ಅಗ್ನಿಶಾಮಕ ವಾಹನಗಳು ಆಗಲೇ ಬರುತ್ತಿವೆ. ಹೀಗಿದ್ದೂ 55 ಜನ ಏಕೆ ಸತ್ತರು? ಒಂದೊಂದೇ ಬಾಗಿಲಿನ ಮುಂದೆ ನಿಂತು ನೋಡಿದರೆ ಉತ್ತರ ಸಿಗುತ್ತದೆ.

ಮುಂದಿನ ಬಲಬಾಗಿಲನ್ನು ಸಿಬ್ಬಂದಿ ತೆರೆಯಲು ಹೋದಾಗ ಅದರಲ್ಲಿದ್ದ ಜಾರುಬಂಡಿಯ ಪೆಟ್ಟಿಗೆ ಅಡ್ಡ ಸಿಕ್ಕಿಕೊಂಡಿತು. ಅವರು ಅದನ್ನು ಬಿಟ್ಟು ಮುಂದಿನ ಎಡಬಾಗಿಲಿಗೆ ಹೋಗಿ ಅದನ್ನು ತೆರೆದರು. ವಿಮಾನ ನಿಂತು ಆಗಲೇ ಸುಮಾರು 25 ಸೆಕೆಂಡಾಗಿತ್ತು. ಮತ್ತೆ ಬಲಬಾಗಿಲಿಗೆ ಬಂದು, ಸಿಕ್ಕಿಕೊಂಡಿದ್ದನ್ನು ಬಿಡಿಸಿ ಅದನ್ನು ತೆರೆಯುವ ಹೊತ್ತಿಗೆ 70 ಸೆಕೆಂಡು ಕಳೆದಿತ್ತು.

ಹಿಂದಿನ ಬಲಬಾಗಿಲನ್ನು ಅಲ್ಲಿನ ಸಿಬ್ಬಂದಿ ತಡಮಾಡದೆ ತೆರೆದಿದ್ದರು. ಆದರೆ ಹೊಗೆ ಮತ್ತು ಬೆಂಕಿ ಬಂದಿದ್ದೇ ಹಿಂಭಾಗಕ್ಕೆ. ಆ ಬಾಗಿಲಿನಿಂದ ಒಬ್ಬರೂ ಹೊರಬರಲಾಗಲಿಲ್ಲ. ಹಿಂದೆ ಇದ್ದ ಇಬ್ಬರು ಸಿಬ್ಬಂದಿಯೂ ಅಲ್ಲೇ ಪ್ರಾಣಬಿಟ್ಟರು.

ನಡುವೆ, ಬಲರೆಕ್ಕೆಯ ಮೇಲೆ, ಒಂದು ತುರ್ತು ಕಿಂಡಿ ಇತ್ತು. ಅದನ್ನು ತೆರೆಯಬೇಕಾದವರು ಪಕ್ಕದ ಸೀಟಿನ ಪ್ರಯಾಣಿಕರೇ. ಹೇಗೆ ತೆರೆಯುವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸುಮಾರು 22 ಕೆಜಿ ತೂಕದ ಆ ಕದ ಕಳಚಿಕೊಂಡು ಒಳಗೇ ಪ್ರಯಾಣಿಕರ ಮೇಲೆ ಬಿತ್ತು. ಹಿಂದಿನ ಸಾಲಿನವರು ಅದನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆ ದಾರಿಯಾಯಿತು. ಅಷ್ಟರಲ್ಲಿ 45 ಸೆಕೆಂಡು ಹೋಗಿತ್ತು. ಆ ಕಿಂಡಿಗೆ ಹೋಗಲು ಸೀಟುಗಳ ಮಧ್ಯೆ ಇದ್ದ ಜಾಗವೂ ತೀರಾ ಇಕ್ಕಟ್ಟು.

ಬದುಕಿದ ಪ್ರಯಾಣಿಕರೆಲ್ಲ ಹೊರಬಂದದ್ದು ಮುಂದಿನ ಎರಡು ಬಾಗಿಲು ಮತ್ತು ಈ ಒಂದು ಕಿಂಡಿಯಿಂದ. ಮುಂದಿನ ಬಾಗಿಲುಗಳಿಗೆ ಹೋಗಬೇಕಾದರೆ ಎರಡು ಅಡ್ಡಗೋಡೆಗಳ ನಡುವೆ ಹಾದುಹೋಗಬೇಕಿತ್ತು. ಅಲ್ಲಿನ ಅಂತರ ಬರೀ 57 ಸೆಂಟಿಮೀಟರ್, ನಮ್ಮ ಮನೆಯ ಬಚ್ಚಲು ಬಾಗಿಲಿಗಿಂತಲೂ ಕಿರಿದು. ಹಿಂದಿನಿಂದ ತಳ್ಳುತ್ತಿದ್ದ ಜನ ಅಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡರು. ಮುಂದಿದ್ದ ಸಿಬ್ಬಂದಿ ಕೈಹಿಡಿದು ಎಳೆದು ಬಿಡಿಸಿದ ಮೇಲೆಯೇ ಸಾಲು ಮತ್ತೆ ಚಲಿಸಿತು.

ಜೀವಂತವಾಗಿ ಉಳಿದವರಲ್ಲಿ ಕೊನೆಗೆ ಸಿಕ್ಕಿದ್ದು 14 ವರ್ಷದ ಒಬ್ಬ ಹುಡುಗ. ವಿಮಾನ ನಿಂತು ಐದು ನಿಮಿಷ ಮೀರಿದ ಮೇಲೆ ರೆಕ್ಕೆಯ ಮೇಲಿನ ಕಿಂಡಿಯಲ್ಲಿ ಅವನ ಕೈ ಅಲುಗಿದ್ದನ್ನು ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಕಂಡು ಎಳೆದುಕೊಂಡರು.

ಕೊಂದದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ

ಸತ್ತ 55 ಜನರಲ್ಲಿ ಸುಟ್ಟಗಾಯದಿಂದ ಸತ್ತವರು ಕೆಲವರೇ. ಹೆಚ್ಚಿನವರ ಪ್ರಾಣ ತೆಗೆದದ್ದು ಹೊಗೆ. ಸೀಟಿನ ಸ್ಪಂಜು, ಗೋಡೆಯ ಹಲಗೆ, ಪ್ಲಾಸ್ಟಿಕ್ ಇವೆಲ್ಲ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲಗಳು ಹೊರಡುತ್ತವೆ. ಕಾರ್ಬನ್ ಮಾನಾಕ್ಸೈಡ್ ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಸೈನೈಡ್, ಜೀವಕೋಶಗಳು ಆಮ್ಲಜನಕ ಬಳಸದಂತೆ ಮಾಡುತ್ತದೆ. ದಟ್ಟ ಹೊಗೆಯಲ್ಲಿ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ ಒಂದಿಷ್ಟು ಕಡಿಮೆಯಾಗಬಹುದು, ಆದರೆ ಕಾರ್ಬನ್ ಮಾನಾಕ್ಸೈಡ್ ಅದರ ಮೂಲಕ ಸಲೀಸಾಗಿ ಒಳಗೆ ಹೋಗುತ್ತದೆ. ಹೊಗೆಯಿಂದ ಪಾರಾಗಲು ಇರುವ ಒಂದೇ ದಾರಿ, ಆದಷ್ಟು ಬಗ್ಗಿಕೊಂಡು, ಆದಷ್ಟು ಬೇಗ ಹೊರಗೆ ಹೋಗುವುದು.

ಅದಕ್ಕೇ ವಿಮಾನ ತಯಾರಕರಿಗೆ ಒಂದು ಪರೀಕ್ಷೆ ಇದೆ. ಹೊಸ ಮಾದರಿಯ ದೊಡ್ಡ ವಿಮಾನವೊಂದಕ್ಕೆ ಅನುಮತಿ ಬೇಕಾದರೆ, ಕತ್ತಲಲ್ಲಿ, ಅರ್ಧದಷ್ಟು ಬಾಗಿಲು ಮಾತ್ರ ಬಳಸಿ, ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಿಸಬಹುದು ಎಂದು ತೋರಿಸಬೇಕು. 2006ರಲ್ಲಿ ಏರ್‌ಬಸ್ ಎ380 ವಿಮಾನದಿಂದ 873 ಜನ 78 ಸೆಕೆಂಡಿನಲ್ಲಿ ಹೊರಬಂದಿದ್ದರು.

ಮ್ಯಾಂಚೆಸ್ಟರಿನ ವಿಮಾನದ ಮಾದರಿಯೂ ಇಂಥ ಪರೀಕ್ಷೆ ದಾಟಿಯೇ ಬಂದಿತ್ತು. ಹಾಗಾದರೆ ನಿಜವಾದ ಅಪಘಾತದಲ್ಲಿ ಏಕೆ ಆಗಲಿಲ್ಲ? ಈ ಪ್ರಶ್ನೆ ಹಿಡಿದು ಹೊರಟವರು ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಹೆಲೆನ್ ಮ್ಯೂರ್. ಪರೀಕ್ಷೆಗೆ ಬಂದ ಜನ ಶಿಸ್ತಾಗಿ ಸಾಲಿನಲ್ಲಿ ಹೋಗುತ್ತಾರೆ, ಪ್ರಾಣಭಯ ಇದ್ದಾಗ ಹಾಗೆ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಿಜವಾದ ಪ್ರಾಣಭಯ ಹುಟ್ಟಿಸುವಂತಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಹಳೆಯ ವಿಮಾನವೊಂದರಲ್ಲಿ ಜನರನ್ನು ಕೂರಿಸಿ, ಮೊದಲು ಹೊರಬಂದ ಅರ್ಧದಷ್ಟು ಮಂದಿಗೆ ತಲಾ 5 ಪೌಂಡ್ ಹೆಚ್ಚುವರಿ ಕೊಡುವುದಾಗಿ ಹೇಳಿದರು. ಅಷ್ಟು ಸಣ್ಣ ಮೊತ್ತಕ್ಕೇ ಜನ ಸೀಟುಗಳ ಮೇಲೆ ಹತ್ತಿದರು, ತಳ್ಳಾಡಿದರು, ಕಿರಿದಾದ ಅಂತರದಲ್ಲಿ ಸಿಕ್ಕಿಕೊಂಡರು. ಮ್ಯಾಂಚೆಸ್ಟರಿನಲ್ಲಿ ಆದದ್ದೇ ಅಲ್ಲೂ ಆಯಿತು. ದಾರಿ ಅಗಲ ಮಾಡಿದಾಗ ಸಿಕ್ಕಿಕೊಳ್ಳುವುದು ಕಡಿಮೆಯಾಯಿತು.

ಏನೇನು ಬದಲಾಯಿತು?

ಬ್ರಿಟನ್ನಿನ ತನಿಖಾ ಸಂಸ್ಥೆ 31 ಶಿಫಾರಸುಗಳನ್ನು ಮಾಡಿತು. ಇದಕ್ಕೂ ಎರಡು ವರ್ಷ ಮೊದಲು, 1983ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ ಬೆಂಕಿ ಬಿದ್ದ ಏರ್ ಕೆನಡಾ ವಿಮಾನ ಸುರಕ್ಷಿತವಾಗಿ ಇಳಿದ ಮೇಲೂ ಅದರಲ್ಲಿದ್ದ 46 ಜನರಲ್ಲಿ 23 ಮಂದಿ ಸತ್ತಿದ್ದರು. ಈ ಎರಡು ಅಪಘಾತಗಳ ನಂತರ ಬಂದ ಬದಲಾವಣೆಗಳು ನೀವು ಇಂದು ಕೂರುವ ವಿಮಾನದಲ್ಲೂ ಇವೆ:

- ನಡೆಯುವ ದಾರಿಯ ನೆಲದಲ್ಲಿ ಹೊಳೆಯುವ ಪಟ್ಟಿ. ಹೊಗೆ ಮೇಲೆ ತುಂಬಿದಾಗ ಚಾವಣಿಯ ದೀಪ ಕಾಣುವುದಿಲ್ಲ, ನೆಲದ್ದು ಕಾಣುತ್ತದೆ.
- ಸೀಟಿನ ಸ್ಪಂಜಿನ ಮೇಲೆ ಬೆಂಕಿ ಬೇಗ ಹತ್ತದ ಹೊದಿಕೆ.
- ಸುಲಭವಾಗಿ ಹೊತ್ತಿಕೊಳ್ಳದ, ಕಡಿಮೆ ಹೊಗೆ ಬಿಡುವ ಗೋಡೆ ಹಲಗೆಗಳು.
- ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಬಳಿ ಹೆಚ್ಚು ಜಾಗ. ಆ ಸಾಲಿನಲ್ಲಿ ಕಾಲು ಚಾಚಿ ಕೂರಬಹುದು ಎಂದು ನಾವು ಹೆಚ್ಚು ದುಡ್ಡು ಕೊಡುತ್ತೇವಲ್ಲ, ಆ ಜಾಗ ಇರುವುದು ಜನ ಹೊರಗೆ ಓಡಲಿಕ್ಕೆ.
- ಆ ಸಾಲಿನಲ್ಲಿ ಕೂತವರಿಗೆ ಸಿಬ್ಬಂದಿ ಪ್ರತ್ಯೇಕವಾಗಿ ಬಂದು ಬಾಗಿಲು ತೆರೆಯುವ ಬಗೆ ಹೇಳುವುದು.

ಎಲ್ಲ ಶಿಫಾರಸುಗಳೂ ಜಾರಿಯಾಗಲಿಲ್ಲ. ಪ್ರಯಾಣಿಕರಿಗೆಲ್ಲ ಹೊಗೆ ತಡೆಯುವ ಮುಖವಾಡ ಕೊಡಬೇಕೆಂಬ ಸಲಹೆ ಅದರಲ್ಲಿ ಒಂದು. ಅದನ್ನು ಹಾಕಿಕೊಳ್ಳುವುದರಲ್ಲೇ ಹೊತ್ತು ಕಳೆದು ಹೊರಹೋಗುವುದು ತಡವಾಗುತ್ತದೆ ಎಂಬ ವಾದ ಗೆದ್ದಿತು.

ಬದಲಾವಣೆಗಳಿಂದ ಉಪಯೋಗವಾಯಿತೇ? 2016ರ ಅಕ್ಟೋಬರ್ 28ರಂದು ಅಮೆರಿಕದ ಷಿಕಾಗೋದಲ್ಲಿ ಒಂದು ಬೋಯಿಂಗ್ 767 ಟೇಕಾಫ್‌ಗೆ ಓಡುತ್ತಿದ್ದಾಗ ಎಂಜಿನ್ನಿನ ಒಳಗಿನ ಚಕ್ರವೊಂದು ಸಿಡಿದು, ಇಂಧನ ಟ್ಯಾಂಕ್ ತೂತಾಗಿ, ರೆಕ್ಕೆ ಹೊತ್ತಿ ಉರಿಯಿತು. ಹೆಚ್ಚುಕಡಿಮೆ ಮ್ಯಾಂಚೆಸ್ಟರಿನದೇ ಪುನರಾವರ್ತನೆ. ವಿಮಾನದಲ್ಲಿದ್ದ 170 ಜನರೂ ಬದುಕಿದರು. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ಸಣ್ಣ ವಿಮಾನಕ್ಕೆ ಡಿಕ್ಕಿಯಾಗಿ ಪೂರ್ತಿ ಸುಟ್ಟುಹೋಯಿತು. ಆ ಸಣ್ಣ ವಿಮಾನದಲ್ಲಿದ್ದ ಐವರು ಸತ್ತರು. ಆದರೆ ದೊಡ್ಡ ವಿಮಾನದ 379 ಜನರೂ ಎಂಟರಲ್ಲಿ ಮೂರೇ ಬಾಗಿಲಿನಿಂದ ಹೊರಬಂದರು.

ಹಾಗಾದರೆ ಅಪಘಾತವಾದರೆ ಬದುಕುವವರು ಎಷ್ಟು?

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1983ರಿಂದ 2000ದವರೆಗೆ ಅಲ್ಲಿನ ಪ್ರಯಾಣಿಕ ವಿಮಾನಗಳಿಗೆ ಆದ 568 ಅಪಘಾತಗಳನ್ನು ಲೆಕ್ಕ ಹಾಕಿತ್ತು. ಅವುಗಳಲ್ಲಿದ್ದವರ ಪೈಕಿ ಶೇಕಡಾ 95ಕ್ಕಿಂತ ಹೆಚ್ಚು ಜನ ಬದುಕಿದ್ದರು. ಇದರಲ್ಲಿ ಸಣ್ಣಪುಟ್ಟ ಅಪಘಾತಗಳೂ ಸೇರಿವೆ, ನಿಜ. ಬೆಂಕಿ ಬಿದ್ದ, ವಿಮಾನ ಜಖಂ ಆದ ಗಂಭೀರ ಅಪಘಾತಗಳನ್ನಷ್ಟೇ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಜನ ಉಳಿದಿದ್ದರು.

ಅಹಮದಾಬಾದಿನಂಥ ಅಪಘಾತಗಳೂ ಇವೆ. ಅಲ್ಲಿ ಪ್ರಯಾಣಿಕರ ಕೈಯಲ್ಲಿ ಏನೂ ಇರಲಿಲ್ಲ. ಅಲ್ಲಿ ಸತ್ತವರು ಎಚ್ಚರ ತಪ್ಪಿದ್ದರಿಂದ ಸತ್ತರು ಎಂದು ಯಾರೂ ಹೇಳಲಾಗದು, ಹೇಳಬಾರದು. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಜನರನ್ನು ಕಳೆದುಕೊಂಡೆವು. ಅಂಥ ಅಪಘಾತದಲ್ಲೂ ಎಂಟು ಜನ ಉಳಿದರು. ಸುದ್ದಿಯಲ್ಲಿ ಹೆಚ್ಚು ದಿನ ಉಳಿಯುವುದು ಇಂಥ ದೊಡ್ಡ ದುರಂತಗಳೇ. 170 ಜನ ಇಳಿದು ನಡೆದುಹೋದ ಷಿಕಾಗೋದ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅದಕ್ಕೇ ನಮಗೆ ವಿಮಾನ ಅಪಘಾತ ಎಂದರೆ ಎಲ್ಲರ ಸಾವು ಎನಿಸುತ್ತದೆ.

ಇನ್ನು 11ಎ ಸೀಟಿನ ವಿಷಯ. ಸೀಟಿನ ನಂಬರು ಎಲ್ಲ ವಿಮಾನದಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಒಂದರಲ್ಲಿ 11ನೇ ಸಾಲು ಬಾಗಿಲಿನ ಪಕ್ಕ ಇದ್ದರೆ ಇನ್ನೊಂದರಲ್ಲಿ ಬಾಗಿಲಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಬಾಗಿಲಿಗೆ ಹತ್ತಿರ ಕೂತರೆ ಬೇಗ ಹೊರಹೋಗಬಹುದು ಎಂಬುದು ಸರಿ. ಆದರೆ ಯಾವ ಬಾಗಿಲು ಕೆಲಸಕ್ಕೆ ಬರುತ್ತದೆ ಎಂದು ಮುಂಚೆಯೇ ಹೇಳಲಾಗದು. ಮ್ಯಾಂಚೆಸ್ಟರಿನಲ್ಲಿ ಹಿಂದಿನ ಬಾಗಿಲ ಪಕ್ಕವೇ ಕೂತವರಿಗೂ ಅದರಿಂದ ಉಪಯೋಗವಾಗಲಿಲ್ಲ.

ಮುಂದಿನ ಸಲ ವಿಮಾನ ಹತ್ತಿದಾಗ

ಸಿಬ್ಬಂದಿ ಹೇಳುವ, ನಮಗೆ ಕಿರಿಕಿರಿ ಎನಿಸುವ ಮಾತುಗಳಿಗೆಲ್ಲ ಕಾರಣವಿದೆ. ಕಿಟಕಿಯ ಪರದೆ ಎತ್ತಿಸುವುದು ಯಾವ ಕಡೆ ಬೆಂಕಿ ಇದೆ ಎಂದು ಬಾಗಿಲು ತೆರೆಯುವ ಮುಂಚೆ ನೋಡಲು. ರಾತ್ರಿ ಟೇಕಾಫ್ ಹೊತ್ತಿಗೆ ದೀಪ ಮಂಕು ಮಾಡುವುದು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು. ಸೀಟು ನೆಟ್ಟಗೆ ಮಾಡಿ, ಟ್ರೇ ಮಡಚಿ, ಬ್ಯಾಗು ಸೀಟಿನಡಿ ತಳ್ಳಿ ಎನ್ನುವುದು ಕಿಟಕಿ ಪಕ್ಕದವರು ಎಡವದೆ ದಾರಿಗೆ ಬರಲಿ ಎಂದು.

ನಾವು ಮಾಡಬೇಕಾದದ್ದು ಇಷ್ಟೇ:

1. ಕೂತ ಕೂಡಲೇ ಹತ್ತಿರದ ಎರಡು ಬಾಗಿಲುಗಳಿಗೆ ಎಷ್ಟು ಸಾಲು ಇದೆ ಎಂದು ಎಣಿಸಿಕೊಳ್ಳಿ, ಒಂದು ಮುಂದಿನದು, ಒಂದು ಹಿಂದಿನದು. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಸೀಟುಗಳನ್ನು ಮುಟ್ಟಿ ಎಣಿಸುತ್ತಾ ಹೋಗಬಹುದು.
2. ಬೆಲ್ಟ್ ಬಿಚ್ಚುವ ಬಗೆ ನೆನಪಿಡಿ. ಕಾರಿನ ಬೆಲ್ಟಿಗೆ ಗುಂಡಿ ಒತ್ತಬೇಕು, ವಿಮಾನದ್ದಕ್ಕೆ ಮುಚ್ಚಳ ಮೇಲೆತ್ತಬೇಕು. ಗಾಬರಿಯಲ್ಲಿ ಕೈ ಕಾರಿನ ಅಭ್ಯಾಸಕ್ಕೇ ಹೋಗುತ್ತದೆ.
3. ತುರ್ತು ಬಾಗಿಲಿನ ಸಾಲಿನಲ್ಲಿ ಕೂತಿದ್ದರೆ ಎದುರಿನ ಕಾರ್ಡು ಓದಿ. ಬೋಯಿಂಗ್ 737-800ರಲ್ಲಿ ರೆಕ್ಕೆಯ ಮೇಲಿನ ಬಾಗಿಲು ಹಿಡಿ ಎಳೆದರೆ ತಾನೇ ಹೊರಗೆ, ಮೇಲಕ್ಕೆ ತೆರೆದುಕೊಳ್ಳುತ್ತದೆ. ಏರ್‌ಬಸ್ ಎ320ರಲ್ಲಿ ಬಾಗಿಲನ್ನು ಕೈಯಲ್ಲಿ ಎತ್ತಿ ಹೊರಗೆ ಎಸೆಯಬೇಕು. ನಮ್ಮ ದೇಶದಲ್ಲಿ ಎರಡೂ ಬಗೆಯವು ಹಾರುತ್ತವೆ.
4. ಇಳಿಯಿರಿ ಎಂದಾಗ ಬ್ಯಾಗು ಬಿಟ್ಟು ಇಳಿಯಿರಿ. ಷಿಕಾಗೋದಲ್ಲಿ ಸಿಬ್ಬಂದಿ ಬೇಡವೆಂದರೂ ಕೆಲವರು ಬ್ಯಾಗು ಹೊತ್ತೇ ಬಂದಿದ್ದರು. ಅಂದು ಯಾರೂ ಸಾಯಲಿಲ್ಲ. ಮ್ಯಾಂಚೆಸ್ಟರಿನ 57 ಸೆಂಟಿಮೀಟರ್ ದಾರಿಯಲ್ಲಿ ಒಂದು ಸೂಟ್‌ಕೇಸ್ ಅಡ್ಡ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.
5. ಸಿಬ್ಬಂದಿ ಹೇಳುವ ಎರಡು ನಿಮಿಷ ಫೋನಿನಿಂದ ತಲೆ ಎತ್ತಿ.

ಮಕ್ಕಳ ಜೊತೆ ಹೋಗುವವರು, ಮೊದಲ ಬಾರಿ ವಿಮಾನ ಹತ್ತುವ ಅಪ್ಪ ಅಮ್ಮನನ್ನು ಕಳಿಸಿಕೊಡುವವರು ಇದನ್ನು ಮನೆಯಲ್ಲೇ ಹೇಳಿಕೊಡಿ. ಸಾಲು ಎಣಿಸುವುದು ಮಕ್ಕಳಿಗೆ ಆಟದಂತೆಯೂ ಆಗುತ್ತದೆ. ಮುಂದಿನ ಸಲ ಗ್ರೂಪಿಗೆ 11ಎ ಸೀಟಿನ ಮೆಸೇಜು ಬಂದರೆ ಕಳಿಸಿದವರ ಜೊತೆ ಜಗಳ ಬೇಡ. ಸಾಲು ಎಣಿಸಿ, ಬ್ಯಾಗು ಬಿಡಿ ಎಂಬ ಈ ಎರಡು ಮಾತನ್ನು ಅದರ ಕೆಳಗೆ ಹಾಕಿ. ಫಾರ್ವರ್ಡ್ ಆಗಬೇಕಾದದ್ದು ಅದು.